ಸರ್ಕ್ಯೂಟ್ ಡಯಾಗ್ರಾಂ ಇಲ್ಲದೆ ಬೋರ್ಡ್ ರಿಪೇರಿ ಮಾಡೋದು ಹೇಗೆ? ಚೆನ್ನೈನ ಒಂದು ಟೆಸ್ಟರ್ ಕಂಪನಿಯ ಕಥೆ

ಓಎಂಆರ್‌ನಲ್ಲಿ ಕೋಡ್ ಬರೆಯೋ ನಮ್ಮಲ್ಲಿ ತುಂಬ ಜನ ಓದಿದ್ದು ಎಲೆಕ್ಟ್ರಾನಿಕ್ಸ್. ಲ್ಯಾಬ್ ಉಪಕರಣ ಅಂದ ತಕ್ಷಣ ಟೆಕ್ಟ್ರಾನಿಕ್ಸ್, ಕೀಸೈಟ್, ಫ್ಲೂಕ್ ಅಂತ ಅಮೆರಿಕದ ಹೆಸರುಗಳೇ ಬಾಯಿಗೆ ಬರ್ತವೆ. ಆದರೆ ನಾವಿರೋ ಚೆನ್ನೈನಲ್ಲೇ ಕ್ಯೂಮ್ಯಾಕ್ಸ್ ಟೆಸ್ಟ್ ಟೆಕ್ನಾಲಜೀಸ್ ಅನ್ನೋ ಕಂಪನಿ ಇದೆ. ಕೆಟ್ಟುಹೋದ ಪಿಸಿಬಿಯಲ್ಲಿ ದೋಷ ಎಲ್ಲಿದೆ ಅಂತ ಹುಡುಕೋ ಟೆಸ್ಟರ್‌ಗಳನ್ನು ಅವರು ತಯಾರಿಸ್ತಾರೆ.

ಇದರ ಅಗತ್ಯ ಏನು? ಒಂದು ರೇಡಾರ್, ಒಂದು ಸಿಎನ್‌ಸಿ ಯಂತ್ರ 20-30 ವರ್ಷ ದುಡಿಯುತ್ತೆ. ಅದರೊಳಗಿನ ಚಿಪ್‌ಗಳ ಉತ್ಪಾದನೆ ಅದಕ್ಕೂ ಎಷ್ಟೋ ಮುಂಚೆ ನಿಂತುಹೋಗಿರುತ್ತೆ. ತಯಾರಕರು ಸರ್ಕ್ಯೂಟ್ ಡಯಾಗ್ರಾಂ ಕೊಟ್ಟಿರಲ್ಲ. ಕೇಳಿದರೆ "ಹೊಸದು ತಗೊಳ್ಳಿ" ಅಂತಾರೆ. ಅಂಗೈಯಗಲದ ಒಂದು ಬೋರ್ಡ್‌ಗೋಸ್ಕರ ಇಡೀ ಯಂತ್ರ ಮೂಲೆ ಸೇರುತ್ತೆ.

ಇಲ್ಲಿ ಬಳಸೋ ಉಪಾಯ ನಮಗೆಲ್ಲ ಗೊತ್ತಿರೋದೇ: ಡಿಫ್! ಸರಿಯಿರೋ ಬೋರ್ಡ್‌ನ್ನೂ ಕೆಟ್ಟ ಬೋರ್ಡ್‌ನ್ನೂ ಹೋಲಿಸಿ ನೋಡೋದು. ಬೋರ್ಡ್‌ಗೆ ಪವರ್ ಕೊಡೋದಿಲ್ಲ, ಕೊಟ್ಟರೆ ಇನ್ನಷ್ಟು ಸುಟ್ಟುಹೋಗಬಹುದು. ಬದಲಿಗೆ ಒಂದು ರೆಸಿಸ್ಟರ್ ಮೂಲಕ ಒಂದೊಂದೇ ಪಿನ್‌ಗೆ ಸಣ್ಣ ಸೈನ್ ವೇವ್ ಕೊಟ್ಟು, ವೋಲ್ಟೇಜನ್ನು ಅಡ್ಡಕ್ಕೆ, ಕರೆಂಟನ್ನು ಉದ್ದಕ್ಕೆ ಇಟ್ಟು ಗ್ರಾಫ್ ಬಿಡಿಸ್ತಾರೆ. ಇದೇ ವಿ-ಐ ಕರ್ವ್.

ರೆಸಿಸ್ಟರ್ ಇದ್ರೆ ಓರೆ ಗೆರೆ, ಕೆಪಾಸಿಟರ್ ಇದ್ರೆ ಮೊಟ್ಟೆಯಾಕಾರ, ಡಯೋಡ್ ಇದ್ರೆ ಮಂಡಿ ಮಡಚಿದ ಹಾಗೆ ಬಾಗಿದ ಗೆರೆ. ಶಾರ್ಟ್ ಆಗಿದ್ರೆ ನೆಟ್ಟಗೆ ನಿಂತ ಗೆರೆ, ಓಪನ್ ಆಗಿದ್ರೆ ಮಲಗಿದ ಗೆರೆ. ಚಿಪ್‌ಗಳ ಪಿನ್‌ಗಳ ಒಳಗೂ ಸಾಮಾನ್ಯವಾಗಿ ರಕ್ಷಣೆಗೆ ಅಂತ ಡಯೋಡ್‌ಗಳಿರ್ತವೆ. ಹಾಗಾಗಿ ಪಿನ್‌ಗೆ ಏನೇನು ಜೋಡಣೆಯಾಗಿದೆಯೋ ಅದರ ಪ್ರಕಾರ ಒಂದು ಸಹಿ ಸಿಗುತ್ತೆ. ಎರಡು ಬೋರ್ಡ್‌ಗಳ ಸಹಿ ಎಲ್ಲಿ ಹೊಂದಲ್ವೋ ಅಲ್ಲಿಂದ ಹುಡುಕಾಟ ಶುರು.

ಆದರೆ ಡಿಫ್‌ಗೆ ಇರೋ ಮಿತಿ ಇದಕ್ಕೂ ಇದೆ. ವ್ಯತ್ಯಾಸ ಎಲ್ಲಿದೆ ಅಂತ ಹೇಳುತ್ತೆ, ಯಾಕೆ ಅಂತ ಹೇಳಲ್ಲ. ಬೇರೆ ತಯಾರಕರ ಚಿಪ್ ಹಾಕಿದ್ರೆ, ಎರಡೂ ಸರಿಯಿದ್ರೂ ಕರ್ವ್ ಬೇರೆ ಬರಬಹುದು. ಟೈಮಿಂಗ್ ದೋಷ, ಹಾಳಾದ ಫರ್ಮ್‌ವೇರ್ ಇದರಲ್ಲಿ ಕಾಣಿಸೋದೇ ಇಲ್ಲ.

ಅದಕ್ಕೇ ಎರಡನೇ ಹಂತ: ಪವರ್ ಕೊಟ್ಟು, ಚಿಪ್ಪನ್ನು ಬೋರ್ಡ್‌ನಿಂದ ಕೀಳದೆ ಅಲ್ಲೇ ಪರೀಕ್ಷೆ ಮಾಡೋದು. ತೊಂದರೆ ಏನಂದ್ರೆ, ಆ ಚಿಪ್‌ನ ಇನ್‌ಪುಟ್ಟನ್ನು ಪಕ್ಕದ ಚಿಪ್ ಹಿಡಿದಿಟ್ಟಿರುತ್ತೆ. ಟೆಸ್ಟರ್ ಕ್ಷಣಕಾಲ ಜೋರಾಗಿ ಕರೆಂಟ್ ಕೊಟ್ಟು ತನಗೆ ಬೇಕಾದ 0 ಅಥವಾ 1 ಅನ್ನು ಅಲ್ಲಿ ಕೂರಿಸುತ್ತೆ. ಇದಕ್ಕೆ ಬ್ಯಾಕ್‌ಡ್ರೈವಿಂಗ್ ಅಂತಾರೆ. ಸ್ವಲ್ಪ ಹೆಚ್ಚು ಹೊತ್ತಾದ್ರೂ ಪಕ್ಕದ ಚಿಪ್ ಬಿಸಿಯಾಗಿ ಹಾಳಾಗಬಹುದು. ಆದ್ದರಿಂದ ಆ ಸಮಯಕ್ಕೆ ಕಟ್ಟುನಿಟ್ಟಿನ ಮಿತಿ ಇರುತ್ತೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಮಾಕ್ ಇಲ್ಲದೆ ಪ್ರೊಡಕ್ಷನ್‌ನಲ್ಲೇ ಯುನಿಟ್ ಟೆಸ್ಟ್ ಮಾಡಿದ ಹಾಗೆ.

ಸರಿ, ಟೆಸ್ಟರನ್ನು ಟೆಸ್ಟ್ ಮಾಡೋರು ಯಾರು? ಅದಕ್ಕಿರೋದು ಕ್ಯಾಲಿಬ್ರೇಶನ್. ಪ್ರತಿ ಉಪಕರಣವನ್ನು ತನಗಿಂತ ನಿಖರವಾದ ಇನ್ನೊಂದರ ಜೊತೆ ಹೋಲಿಸ್ತಾ ಹೋದರೆ ಆ ಸರಪಳಿ ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದಂಥ ರಾಷ್ಟ್ರಮಟ್ಟದ ಸಂಸ್ಥೆಗೆ ಮುಟ್ಟಬೇಕು. ಈ ಕೊಂಡಿ ತಪ್ಪಿದ್ರೆ ಎರಡು ಅಪಾಯ: ಒಳ್ಳೇ ಬೋರ್ಡ್ ಕಸಕ್ಕೆ ಹೋಗುತ್ತೆ, ಕೆಟ್ಟ ಬೋರ್ಡ್ ಪಾಸಾಗಿ ಕೆಲಸಕ್ಕೆ ಹೋಗುತ್ತೆ. ಎರಡನೆಯದು ರೈಲ್ವೆ ಸಿಗ್ನಲ್‌ನದ್ದಾದರೆ ಏನಾಗಬಹುದು ಅಂತ ನೀವೇ ಯೋಚಿಸಿ.

ಕೊನೆಯದಾಗಿ ಒಂದು ಮಾತು. ಹೋಲಿಸೋಕೆ ಸರಿಯಿರೋ ಬೋರ್ಡ್ ಬೇಕೇ ಬೇಕು. ಯಂತ್ರ ಕೆಟ್ಟ ಮೇಲೆ ಅದನ್ನು ಹುಡುಕಿದರೆ ಸಿಗಲ್ಲ. ಹಾಗಾಗಿ ನಿಮ್ಮ ಬಂಧುಗಳು ಯಾರಾದ್ರೂ ಪೀಣ್ಯದಲ್ಲೋ ಅಂಬತ್ತೂರಿನಲ್ಲೋ ಕಾರ್ಖಾನೆ ನಡೆಸ್ತಿದ್ರೆ ಇಷ್ಟು ಹೇಳಿ: ಯಂತ್ರ ಚೆನ್ನಾಗಿ ಓಡ್ತಿರೋವಾಗಲೇ ಅದರ ಬೋರ್ಡ್‌ಗಳ ಕರ್ವ್‌ಗಳನ್ನು ರೆಕಾರ್ಡ್ ಮಾಡಿಸಿ ಇಟ್ಕೊಳ್ಳಿ. ಬ್ಯಾಕಪ್ ತಗೊಳ್ಳೋ ಬುದ್ಧಿ ಹಾರ್ಡ್‌ವೇರ್‌ಗೂ ಬೇಕು.