ನಿಮಗಿದು ಗೊತ್ತೆ? ಧರ್ಮಪೀಠವನ್ನು ಪ್ರಶ್ನಿಸಿದ ಅಭಿನೇತ್ರಿ

ಮೊರಾಕ್ಕೊದಿಂದ ವಲಸೆ ಬಂದ ಯೆಹೂದಿ ದಂಪತಿಗಳ ಪುತ್ರಿಯಾಗಿ 1964ರಲ್ಲಿ ಇಸ್ರೇಲಿನ ಬೀರ್‌ಷೆಬಾ ನಗರದಲ್ಲಿ ಜನಿಸಿದ ರೋನಿತ್ ಎಲ್ಕಬೆಟ್ಸ್, ಅಭಿನಯವನ್ನು ಯಾವ ಶಾಲೆಯಲ್ಲಿಯೂ ಅಭ್ಯಸಿಸದೆ ಚಿತ್ರರಂಗವನ್ನು ಪ್ರವೇಶಿಸಿ, ಸ್ವದೇಶದ ಓಫಿರ್ ಪ್ರಶಸ್ತಿಗೆ ಮೂರು ಬಾರಿ ಭಾಜನರಾದ ಅಸಾಮಾನ್ಯ ಕಲಾವಿದೆ.

ಸೋದರ ಶ್ಲೋಮಿಯೊಡನೆ ತಾವೇ ರಚಿಸಿ ನಿರ್ದೇಶಿಸಿದ ‘ಗೆಟ್’ (2014) ಚಿತ್ರದಲ್ಲಿ ಅವರು ತಾಳಿದ ಪಾತ್ರವು, ಪತಿಯ ಸಮ್ಮತಿಯಿಲ್ಲದೆ ವಿವಾಹ ವಿಚ್ಛೇದನ ದೊರಕದ, ಯೆಹೂದಿ ಧಾರ್ಮಿಕ ನ್ಯಾಯಾಲಯವಾದ ಧರ್ಮಪೀಠದ ಮುಂದೆ ಐದು ವರ್ಷಗಳ ಕಾಲ ಹೋರಾಡುವ ವಿವಿಯಾನ್ ಎಂಬಾಕೆಯದು. ವಿಚಾರಣೆಯ ನಡುವೆ ಮುಡಿಯನ್ನು ಬಿಚ್ಚಿಕೊಂಡಳೆಂಬಷ್ಟಕ್ಕೇ ಆಕೆ ನ್ಯಾಯಾಧೀಶರ ಗದರಿಕೆಗೆ ಗುರಿಯಾಗುವ ದೃಶ್ಯವೊಂದೇ ಸ್ತ್ರೀಯ ಪರಾಧೀನತೆಯನ್ನು ಮನಂಬುಗುವಂತೆ ನಿರೂಪಿಸುತ್ತದೆ.

ಆ ವ್ಯವಸ್ಥೆಯನ್ನೇ ಪ್ರಶ್ನಿಸಿದ ಈ ಚಿತ್ರವನ್ನು 2015ರಲ್ಲಿ ಧರ್ಮಪೀಠದ ನ್ಯಾಯಾಧೀಶರ ವಾರ್ಷಿಕ ಸಮ್ಮೇಳನದಲ್ಲಿಯೇ ಪ್ರದರ್ಶಿಸಲಾಯಿತು. ಮರುವರ್ಷ, ಐವತ್ತೊಂದರ ಪ್ರಾಯದಲ್ಲಿಯೇ, ಅರ್ಬುದ ರೋಗಕ್ಕೆ ತುತ್ತಾಗಿ ರೋನಿತ್ ಅಸ್ತಂಗತರಾದುದು ವಿಶ್ವಚಿತ್ರರಂಗಕ್ಕೆ ತುಂಬಲಾರದ ನಷ್ಟ.