ಒಂದೇ ಕಲ್ಲುಪುಡಿ, ಎರಡು ಬಣ್ಣ

ಕಲಬುರಗಿ ಜಿಲ್ಲೆಯ ರಾವೂರಿನಲ್ಲಿ ಪರ್ಸಿ ಎಂಬ ಸುಣ್ಣಕಲ್ಲಿಗೆ ಪಾಲಿಶ್ ಹಾಕುವ ಮಷಿನ್‌ಗಳ ಬುಡದಿಂದ ಬೂದುಬಣ್ಣದ ರಾಡಿ ಹರಿಯುತ್ತಿರುತ್ತದೆ. ಬಿಸಿಲಿಗೆ ಒಣಗಿದರೆ ಮೈದಾಹಿಟ್ಟಿನಷ್ಟು ನುಣ್ಣಗಿನ ಪುಡಿ. ಹವ್ಯಾಸಕ್ಕೆ ಚಿತ್ರ ಬರೆಯುವ ನಾನು ಒಮ್ಮೆ ಅದನ್ನು ಒಂದು ಮುಷ್ಟಿ ಮನೆಗೆ ತಂದೆ. ನೀರಿನಲ್ಲಿ ಕದಡಿ, ತೆಳುಬಟ್ಟೆಯಲ್ಲಿ ಸೋಸಿ, ಒಣಗಿಸಿ ಎರಡು ಪಾಲು ಮಾಡಿದೆ. ಒಂದಕ್ಕೆ ನೆನೆಸಿದ ಜಾಲಿ ಅಂಟು, ಇನ್ನೊಂದಕ್ಕೆ ಅಗಸಿ ಎಣ್ಣೆ ಹಾಕಿ ಕಲಸಿ, ಕರಿ ಕಾಗದದ ಮೇಲೆ ಅಕ್ಕಪಕ್ಕ ಬಳಿದೆ. ಅಂಟಿನದು ಆರುತ್ತ ಆರುತ್ತ ಬೆಳ್ಳಗಾಯಿತು. ಎಣ್ಣೆಯದು ಕಾಗದದ ಕಪ್ಪನ್ನು ಮುಚ್ಚಲೇ ಇಲ್ಲ. ಮಬ್ಬು ಮೇಣದಂತೆ ಕೂತುಬಿಟ್ಟಿತು.

ಪುಡಿ ಒಂದೇ ಆಗಿದ್ದರೂ ಬಣ್ಣ ಬೇರೆಯಾದದ್ದು ಬೆಳಕಿನಿಂದ. ಬೆಳಕು ಒಂದು ವಸ್ತುವಿನಿಂದ ಇನ್ನೊಂದಕ್ಕೆ ದಾಟುವಾಗ ಬಾಗುತ್ತದೆ, ಸ್ವಲ್ಪ ಭಾಗ ಹಿಂದಕ್ಕೆ ಚಿಮ್ಮುತ್ತದೆ. ಒಂದು ವಸ್ತು ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬುದರ ಅಳತೆಯೇ ವಕ್ರೀಭವನಾಂಕ. ಎರಡರ ಅಂಕಗಳ ನಡುವೆ ಅಂತರ ಹೆಚ್ಚಿದ್ದಷ್ಟೂ ಈ ಚಿಮ್ಮುವಿಕೆ ಹೆಚ್ಚು. ಸುಣ್ಣಕಲ್ಲಿನ ಅಂಕ ಸುಮಾರು 1.6, ಗಾಳಿಯದು 1, ಅಗಸಿ ಎಣ್ಣೆಯದು ಸುಮಾರು 1.48. ಅಂಟಿನ ಬಣ್ಣದಲ್ಲಿ ನೀರು ಆರಿದ ಮೇಲೆ ಕಣಗಳ ಸಂದಿಯಲ್ಲಿ ಗಾಳಿ ತುಂಬಿಕೊಳ್ಳುತ್ತದೆ, ಬೆಳಕು ಚೆದುರಿ ಬಿಳುಪು ಕಾಣುತ್ತದೆ. ಎಣ್ಣೆಯಲ್ಲಿ ಆ ಅಂತರವೇ ಕಡಿಮೆ, ಬೆಳಕು ನೇರ ಒಳಗಿಳಿದು ಹೋಗುತ್ತದೆ. ಅಂಗಳದ ಪರ್ಸಿ ತೊಳೆದಾಗ ಕಪ್ಪಾಗಿ, ಆರಿದಾಗ ಬಿಳಿಚಿಕೊಳ್ಳುವುದಕ್ಕೂ ಹೆಚ್ಚುಕಡಿಮೆ ಇದೇ ಕಾರಣ.

ಅಂಟು, ಎಣ್ಣೆ ಎರಡರಲ್ಲೂ ಕೈ ಪಳಗಿದವರು ಕಲಬುರಗಿಯಲ್ಲಿ 1916ರಲ್ಲಿ ಹುಟ್ಟಿದ ಚಿತ್ರಕಾರ ಎಸ್.ಎಂ. ಪಂಡಿತರು. ಅವರು ಮುಂಬಯಿಯ ಸಿನಿಮಾ ಜಾಹೀರಾತುಗಳಿಗೆ ಗ್ವಾಶ್ ಬಳಸಿದರು, ತೈಲವರ್ಣದಲ್ಲೂ ಹೆಸರಾದರು. ಗ್ವಾಶ್ ಎಂದರೆ ಅಂಟು ಬೆರೆತ ಜಲವರ್ಣವೇ. ಬಣ್ಣದ ಪುಡಿ ಹೆಚ್ಚು, ಹಲವು ಬಾರಿ ಜೊತೆಗೆ ಸೀಮೆಸುಣ್ಣದಂಥ ಬಿಳಿಪುಡಿಯೂ ಇರುತ್ತದೆ. ಅದು ಬೇಗ ಒಣಗುತ್ತದೆ, ಕೆಳಗಿನದನ್ನು ಪೂರ್ತಿ ಮುಚ್ಚುತ್ತದೆ. ತೈಲವರ್ಣದಲ್ಲಿ ಬಿಳಿ ಬೇಕಾದರೆ ಸುಣ್ಣಕಲ್ಲು ಸಾಲದು. ಅದಕ್ಕೆಂದೇ ಇಂದಿನ ಟ್ಯೂಬುಗಳಲ್ಲಿ ಟೈಟೇನಿಯಂ ಡೈಆಕ್ಸೈಡ್ ಇರುತ್ತದೆ. ಅದರ ಅಂಕ 2.7ರ ಆಸುಪಾಸು, ಎಣ್ಣೆಯಲ್ಲಿ ಮುಳುಗಿಸಿದರೂ ಬಿಳುಪು ಬಿಡುವುದಿಲ್ಲ.

ಎಣ್ಣೆಯ ಕತೆ ಇನ್ನೂ ಸ್ವಾರಸ್ಯದ್ದು. ಗಾಜಿನ ಮೇಲೆ ಅಗಸಿ, ಕುಸುಬಿ, ಶೇಂಗಾ ಎಣ್ಣೆಗಳನ್ನು ಒಂದೊಂದು ತೊಟ್ಟು ಹಚ್ಚಿ ಬೆರಳಿಂದ ತೆಳ್ಳಗೆ ಸವರಿಡಿ. ಕೆಲವು ದಿನಗಳಲ್ಲಿ ಅಗಸಿ ಗಟ್ಟಿ ಪೊರೆಯಾಗುತ್ತದೆ. ಕುಸುಬಿ ಇನ್ನಷ್ಟು ದಿನ ಹಿಡಿಯುತ್ತದೆ. ಶೇಂಗಾ ಮಾತ್ರ ಜಿಡ್ಡಾಗಿಯೇ ಉಳಿಯುತ್ತದೆ. ಎಣ್ಣೆ ನೀರಿನಂತೆ ಆವಿಯಾಗಿ ಒಣಗುವುದಲ್ಲ. ಗಾಳಿಯ ಆಮ್ಲಜನಕವನ್ನು ಹೀರಿ, ಎಣ್ಣೆಯ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಬಲೆಯಾಗುತ್ತವೆ. ಹಾಗಾಗಿ ಅಗಸಿ ಎಣ್ಣೆ ಒಣಗುತ್ತ ಮೊದಮೊದಲು ತೂಕ ಹೆಚ್ಚಿಸಿಕೊಳ್ಳುತ್ತದೆ! ಅದರಲ್ಲಿ ಅರ್ಧದಷ್ಟು, ಆಮ್ಲಜನಕದೊಂದಿಗೆ ಬೇಗ ಬೆರೆಯುವ ಲಿನೋಲೆನಿಕ್ ಆಮ್ಲವಿರುವುದೇ ಈ ಚುರುಕಿಗೆ ಕಾರಣ. ಕುಸುಬಿ ನಿಧಾನವಾದರೂ ಅಷ್ಟು ಹಳದಿಯಾಗುವುದಿಲ್ಲ. ಕಲಾವಿದರು ಬಿಳಿ ಮತ್ತು ತಿಳಿ ಬಣ್ಣಗಳಿಗೆ ಅದನ್ನು ಆರಿಸುವುದು ಅದಕ್ಕೇ. ನಮ್ಮ ಕರಿ ಹೊಲಗಳಲ್ಲಿ ಬೆಳೆಯುವ ಅಗಸಿ, ಕುಸುಬಿ ಎರಡೂ ಕಾಳುಗಳು ಜಗತ್ತಿನ ತೈಲಚಿತ್ರದ ಸಾಮಗ್ರಿ ಎಂಬುದು ನನಗೆ ಹೆಮ್ಮೆಯ ವಿಷಯ.

ಬಣ್ಣದ ಪುಡಿಗಳಲ್ಲಿ ಅರಿಸಿನ ಮಾತ್ರ ನನಗೆ ಮೋಸ ಮಾಡಿತು. ಹಸಿ ಸುಣ್ಣ ಬಳಿದ ಹಲಗೆಯ ಮೇಲೆ ಅರಿಸಿನ ಹಚ್ಚಿದೆ. ಆರತಿ ನೀರಿನಂತೆ ಕ್ಷಣದಲ್ಲಿ ಕೆಂಪೇರಿತು, ಹಿಗ್ಗಿದೆ. ಸುಣ್ಣ ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿ ಮತ್ತೆ ಸುಣ್ಣಕಲ್ಲಾಗುತ್ತ ಬಂದಂತೆ ಕ್ಷಾರಗುಣ ತಗ್ಗಿತು, ಕೆಂಪೂ ಹೋಯಿತು. ಉಳಿದ ಹಳದಿಯನ್ನು ಕಿಟಕಿಯ ಬಿಸಿಲು ತಿಂದಿತು. ಪಕ್ಕದಲ್ಲೇ ಬಳಿದಿದ್ದ ಕೆಮ್ಮಣ್ಣು ಹೇಗಿತ್ತೋ ಹಾಗೇ ಇದೆ. ಅದು ಕಬ್ಬಿಣದ ಆಕ್ಸೈಡ್. ಸುಣ್ಣಕ್ಕೂ ಬಿಸಿಲಿಗೂ ಬಗ್ಗುವುದಿಲ್ಲ. ಅಜಂತಾದ ಗೋಡೆಗಳಲ್ಲಿ ಇಂದಿಗೂ ಕಾಣುವ ಕೆಂಪು ಇದೇ ಜಾತಿಯ ಮಣ್ಣಿನದು.

ರೇಖೆ ಎಳೆಯಲು ಇದ್ದಿಲು ಬೇಕೇ? ತೊಗರಿ ಕಟ್ಟಿಗೆ ಸಾಕು. ಗೇಣುದ್ದದ ತುಂಡುಗಳನ್ನು ಡಬ್ಬಿಯಲ್ಲಿ ಒತ್ತಾಗಿ ತುಂಬಿ, ಮುಚ್ಚಳದಲ್ಲಿ ಸಣ್ಣ ತೂತು ಬಿಟ್ಟು ಬಯಲಿನ ಬೆಂಕಿಯಲ್ಲಿಡಿ. ಹೊಗೆ ನಿಂತ ಮೇಲೆ ತೆಗೆದು, ಪೂರ್ತಿ ಆರುವ ತನಕ ಮುಚ್ಚಳ ತೆರೆಯಬೇಡಿ. ಪಾಲಿಶ್ ಪರ್ಸಿಯ ಮೇಲೆಯೇ ಬರೆಯಹೊರಟರೆ ಈ ಇದ್ದಿಲು ಜಾರುತ್ತದೆ. ಪರ್ಸಿ ಸುಣ್ಣಕಲ್ಲಾದ್ದರಿಂದ ನಿಂಬೆರಸ ಸವರಿದರೆ ಗುಳ್ಳೆಯೆದ್ದು ಮೈ ತುಸು ತರಿಯಾಗುತ್ತದೆ. ತೊಳೆದು ಒರೆಸಿದ ಮೇಲೆ ಇದ್ದಿಲು ಅಲ್ಲಿ ಹಿಡಿದು ನಿಲ್ಲುತ್ತದೆ.

ಈ ಪ್ರಯೋಗಗಳಲ್ಲಿ ಎರಡು ಕಡೆ ಎಚ್ಚರ ಬೇಕು. ಕಲ್ಲುಪುಡಿಯನ್ನು ಒದ್ದೆಯಾಗಿಯೇ ಸೋಸಿ. ಒಣ ಪುಡಿ ಮುಟ್ಟುವಾಗ ಮೂಗಿಗೆ ಮಾಸ್ಕ್ ಇರಲಿ. ಅಗಸಿ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಆಮ್ಲಜನಕ ಹೀರುವಾಗ ಹುಟ್ಟುವ ಶಾಖ ಒಳಗೇ ಕೂಡಿ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ಹೊರಗೆ ಗಾಳಿಯಾಡುವ ಕಡೆ, ಮಡಿಕೆಯಿಲ್ಲದಂತೆ ಹರವಿ ಒಣಗಿಸಿ.