ಚಪ್ಪರಬದನೆಯ ಸ್ಟೀರಾಯ್ಡು ದ್ರವ್ಯಗಳು: ಬೇರ್ಪಡಿಕೆಯೂ ಗುರುತೂ

ಟೊಮೇಟೊವಿಗೆ ನಮ್ಮ ಹಿರಿಯರು ಚಪ್ಪರಬದನೆಯೆಂದು ಹೆಸರಿಟ್ಟರು. ಅಮೆರಿಕ ಖಂಡದಿಂದ ಬಂದ ಈ ಗಿಡವು ಬದನೆಯ ದಾಯಾದಿಯೆಂದು ಕಂಡುಕೊಂಡ ಅವರ ದೃಷ್ಟಿ ಸಾಮಾನ್ಯವಾದುದಲ್ಲ. ಸಸ್ಯಶಾಸ್ತ್ರವು ಎರಡನ್ನೂ ಸೊಲಾನಮ್ ಎಂಬ ಒಂದೇ ಕುಲದಲ್ಲಿರಿಸಿದೆ. ರಸಾಯನಶಾಸ್ತ್ರವೂ ಇದನ್ನೇ ಸಮರ್ಥಿಸುತ್ತದೆ. ಬದನೆಯ ಸೊಲಾಸೊನಿನ್, ಆಲೂಗೆಡ್ಡೆಯ ಸೊಲನಿನ್, ಟೊಮೇಟೊವಿನ ಟೊಮ್ಯಾಟಿನ್, ಇವು ಮೂರೂ ಒಂದೇ ಮನೆತನದ ಕಹಿಗಳು. ಇವುಗಳ ಒಡಲಿನಲ್ಲಿರುವ ನಾಲ್ಕುಂಗುರಗಳ ಇಂಗಾಲದ ಹಂದರವನ್ನೇ ಸ್ಟೀರಾಯ್ಡ್ ಎನ್ನುವರು. ನಮ್ಮ ರಕ್ತದ ಕೊಲೆಸ್ಟರಾಲಿಗೂ ಅದೇ ಹಂದರ.

ಟೊಮೇಟೊಗಿಡದ ರಸಕ್ಕೆ ಸೊರಗುರೋಗದ ಶಿಲೀಂಧ್ರವನ್ನು ತಡೆಯುವ ಗುಣವಿರುವುದನ್ನು ೧೯೪೦ರ ದಶಕದಲ್ಲಿ ಅಮೆರಿಕದ ಕೃಷಿ ಇಲಾಖೆಯ ಇರ್ವಿಂಗ್, ಫಾಂಟೇನ್ ಮೊದಲಾದವರು ಕಂಡು, ೧೯೪೮ರಲ್ಲಿ ಟೊಮ್ಯಾಟಿನ್ನನ್ನು ಸ್ಫಟಿಕರೂಪದಲ್ಲಿ ಪಡೆದರು. ಇಂದು ರೂಢಿಯಲ್ಲಿರುವ ಕ್ರಮವೊಂದು ಹೀಗಿದೆ: ಎಲೆ ಅಥವಾ ಹಸಿಗಾಯಿಯನ್ನು ಒಣಗಿಸಿ ಪುಡಿಮಾಡಿ, ತೆಳುವಾದ ಅಸೆಟಿಕ್ ಆಮ್ಲದಲ್ಲಿ ನೆನೆಸಿ ಸೋಸುತ್ತಾರೆ. ಆಮ್ಲದಲ್ಲಿ ಕರಗಿದ ಟೊಮ್ಯಾಟಿನ್ ಅಮೋನಿಯ ಬೆರೆತೊಡನೆ ಒತ್ತರಿಸಿ ತಳಕ್ಕಿಳಿಯುತ್ತದೆ. ಇದನ್ನು ಹೈಡ್ರೊಕ್ಲೋರಿಕ್ ಆಮ್ಲದೊಡನೆ ಕಾಯಿಸಿದರೆ ಎರಡು ಗ್ಲೂಕೋಸ್, ಒಂದು ಗ್ಯಾಲಕ್ಟೋಸ್, ಒಂದು ಕ್ಸೈಲೋಸ್ ಕಳಚಿಬಿದ್ದು, ಟೊಮ್ಯಾಟಿಡಿನ್ ಎಂಬ ಬರಿಯ ಸ್ಟೀರಾಯ್ಡು ಉಳಿಯುತ್ತದೆ.

ಆದರೆ ಬೇರ್ಪಡಿಸಿದ ಮಾತ್ರಕ್ಕೆ ಗುರುತಿಸಿದಂತಾಗದು. ಸುಂದರವಾದ ಸ್ಫಟಿಕವು ಶುದ್ಧಿಯ ಸಾಕ್ಷಿಯೆಂದು ನಂಬುವುದು ಸುಲಭ. ಟೊಮ್ಯಾಟಿನ್ನೆಂಬ ಒಂದೇ ಹೆಸರಿನಡಿ ಎರಡು ದ್ರವ್ಯಗಳು ಅಡಗಿದ್ದುವೆಂಬುದು ಸ್ಪಷ್ಟವಾದುದು ೧೯೯೪ರಲ್ಲಿ, ನಾಲ್ವತ್ತಾರು ವರ್ಷಗಳ ತರುವಾಯ. ಎರಡನೆಯದಾದ ಡಿಹೈಡ್ರೊಟೊಮ್ಯಾಟಿನ್ನಿನಲ್ಲಿ ಎರಡೇ ಜಲಜನಕದ ಪರಮಾಣುಗಳು ಕಡಿಮೆ. ಮೊದಲನೆಯದರ ಅಣುತೂಕ ೧೦೩೪, ಇದರದು ೧೦೩೨. ಅಲ್ಪ ಭೇದವನ್ನು ತೋರುವ ತೂಕದ ರೋಹಿತವೂ, ಪರಮಾಣುಗಳ ಜೋಡಣೆಯನ್ನು ಹೇಳುವ ಕಾಂತೀಯ ಅನುರಣನವೂ ಕೂಡಿದಾಗಲೇ ಪ್ರತ್ಯಭಿಜ್ಞಾನ ಪೂರ್ಣವಾಗುವುದು. ಪಾಠಾಂತರಗಳನ್ನು ಹೋಲಿಸದೆ ಒಂದೇ ಓಲೆಯ ಪ್ರತಿಯನ್ನು ಮೂಲವೆಂದು ಅಚ್ಚುಮಾಡುವವರಿಗೆ ಈ ಅಪಾಯದ ಪರಿಚಯವಿದ್ದೀತು.

ಹಸಿಗಾಯಿಯ ಗೊಜ್ಜನ್ನು ತಿನ್ನುವವರು ಹೆದರಬೇಕಾಗಿಲ್ಲ. ಕಿಲೋಗ್ರಾಂ ಹಸಿಗಾಯಿಯಲ್ಲಿ ಟೊಮ್ಯಾಟಿನ್ ೫೦೦ ಮಿಲಿಗ್ರಾಂವರೆಗೂ ಇರಬಹುದಾದರೂ ಅದು ಜಠರದಲ್ಲಿ ಕೊಲೆಸ್ಟರಾಲಿನೊಡನೆ ಕೂಡಿ ಬಹುಮಟ್ಟಿಗೆ ಹೊರಬೀಳುತ್ತದೆ. ಮಾಗಿದ ಹಣ್ಣಿನಲ್ಲಿ ಅದು ೫ ಮಿಲಿಗ್ರಾಂನ ಆಸುಪಾಸಿಗಿಳಿಯುವುದು. ಹಾಗಾದರೆ ಎಲ್ಲಿ ಹೋಯಿತು? ಉತ್ತರವು ಜಪಾನಿನಿಂದ ಬಂದಿತು: ಮಾಗುವಾಗ ಅದು ಎಸ್ಕ್ಯುಲಿಯೊಸೈಡ್ ಎಂಬ ಕಹಿಯಿಲ್ಲದ ದ್ರವ್ಯವಾಗಿ ಮಾರ್ಪಡುತ್ತದೆ, ಅದನ್ನು ೨೦೦೩ರಲ್ಲಿ ಅಲ್ಲಿನ ವಿದ್ವಾಂಸರು ಮಾಗಿದ ಹಣ್ಣಿನಿಂದ ಬೇರ್ಪಡಿಸಿದ್ದರು.

ಈ ಶಾಸ್ತ್ರಕ್ಕೆ ನಮ್ಮ ಊರಿನ ಉತ್ತರಭಾಗದ ಸಂಬಂಧವೂ ಉಂಟು. ಹೆಬ್ಬಾಳದಲ್ಲಿ ೧೮೯೯ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಕೊಟ್ಟ ೩೦ ಎಕರೆಯಲ್ಲಿ ರಸಾಯನಜ್ಞ ಲೇಮನ್ನರ ಪ್ರಯೋಗಕ್ಷೇತ್ರವು ಆರಂಭವಾಯಿತು. ೧೯೬೭ರಲ್ಲಿ ಸ್ಥಾಪಿತವಾಗಿ ಹೆಸರಘಟ್ಟದಲ್ಲಿರುವ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಎಲೆಮುರುಟು ವೈರಸ್, ದುಂಡಾಣು ಸೊರಗು, ಮುಂಚಿನ ಅಂಗಮಾರಿ, ಈ ಮೂರನ್ನೂ ತಾಳುವ ಅರ್ಕ ರಕ್ಷಕ್ ಎಂಬ ಟೊಮೇಟೊ ತಳಿಯನ್ನು ಸಿದ್ಧಗೊಳಿಸಿದೆ. ಅದರ ಶಕ್ತಿಯನ್ನು ಟೊಮ್ಯಾಟಿನ್ನಿಗೇ ಆರೋಪಿಸುವುದು ಅವಸರವೆಂದು ನನ್ನ ಮತ. ಸೊರಗುಕಾರಕ ಶಿಲೀಂಧ್ರವೇ ಟೊಮ್ಯಾಟಿನ್ನನ್ನು ಮುರಿಯುವ ಕಿಣ್ವವನ್ನು ಪಡೆದಿರುವಾಗ, ಒಂದು ತಳಿಯ ಎಲೆ, ಹಸಿಗಾಯಿ, ಹಣ್ಣುಗಳಲ್ಲಿ ಈ ಎರಡು ಅವಳಿದ್ರವ್ಯಗಳನ್ನೂ ಬೇರೆಬೇರೆಯಾಗಿ ಅಳೆದ ಮೇಲಲ್ಲದೆ ಆ ಮಾತನ್ನು ಆಡಲಾಗದು.